ನಂಬರ್ ಒಂಬತ್ತರ ನೀರುಳ್ಳಿಯನ್ನು ಒಣಗಿಸಿದವರಿಗೆ

ಹೊಳೆದಂಡೆಯ ಸಾಮೂಹಿಕ ತರಕಾರಿ ತೋಟದ ಉಸ್ತುವಾರಿ ಅಧಿಕಾರಿಗಳೇ,

ಕಳೆದ ಮಾರ್ಚ್ ತಿಂಗಳಲ್ಲಿ, ರೇಷನ್ ಅಂಗಡಿಯ ಮುಂದೆ ಜನ ಬೆಳಗಾಗುವ ಮೊದಲೇ ಚೀಲ ಹಿಡಿದು ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ, ತಾವು ಒಂದು ತುಂಡು ನೆಲದ ತುಂಬ ಬೆಳೆದು ನಿಂತಿದ್ದ ನೀರುಳ್ಳಿಗೆ ಯಾರೂ ನೀರು ಹಾಕಕೂಡದೆಂದು ಲಿಖಿತ ಆಜ್ಞೆ ಹೊರಡಿಸಿ, ಇಪ್ಪತ್ತೆರಡು ದಿನಗಳಲ್ಲಿ ಅದನ್ನು ಒಣಗಿಸಿದಿರಿ. ಬೆಳೆದವಳನ್ನು ಆ ನೆಲದಿಂದ ಹೊರಗೆ ಹಾಕಿದಿರಿ. ಇದೆಲ್ಲ ನಿಯಮದ ಪ್ರಕಾರವೇ ನಡೆಯಿತು ಎಂದು ಮೇಲಿನವರಿಗೆ ವರದಿಯನ್ನೂ ಕಳಿಸಿದಿರಿ. ನಾನು ತಮಗೆ ಮೂರು ಖಾಸಗಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು. ಓದುವ ಇತರರಿಗಾಗಿ ಹೇಳುತ್ತೇನೆ. ಕುಮಟೆಯ ಕಚೇರಿಯ ಜಗಲಿಯ ಮೇಲೆ ಚಾಪೆ ಹಾಸಿ ಕುಳಿತು ಇಪ್ಪತ್ತಾರು ವರ್ಷಗಳಿಂದ ಜನರಿಗೆ ಅರ್ಜಿ ಬರೆದುಕೊಡುವವನು ನಾನು. ಮುಂಬಯಿ ಸರಕಾರವಿದ್ದಾಗಲೂ ಬರೆದೆ, ಮೈಸೂರು ಸರಕಾರ ಬಂದ ಮೇಲೂ ಬರೆಯುತ್ತಿದ್ದೇನೆ. ಅಧಿಕಾರಿಗಳಿಗೆ ಎಂಥ ಮಾತು ಹಿತವಾಗುತ್ತದೆ, ಎಂಥದು ಚುಚ್ಚುತ್ತದೆ ಎಂಬುದನ್ನು ಬಲ್ಲೆನೆಂಬ ಸೊಕ್ಕು ನನಗಿತ್ತು. ಆ ಸೊಕ್ಕಿನ ಫಲವನ್ನು ಬೇರೆಯವಳು ಉಂಡಳು. ಅದನ್ನು ಮುಂದೆ ಹೇಳುತ್ತೇನೆ.

ತೋಟ ಹುಟ್ಟಿದ ಕಥೆಯನ್ನು ತಾವು ಮರೆತಿರಲಾರಿರಿ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಮೇಲೆ, ತಾವು ಹೊಳೆದಂಡೆಯ ಆ ಉಪ್ಪು ಹಿಡಿದ ಬಯಲಿನಲ್ಲಿ ಕುರ್ಚಿ ಹಾಕಿಸಿ ಭಾಷಣ ಮಾಡಿದಿರಿ. ದೇಶಕ್ಕೆ ಅನ್ನದ ಅಭಾವ ಬಂದಿದೆ, ಅಂಗೈಯಗಲ ನೆಲವೂ ಬರಿದಾಗಿರಕೂಡದು ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು, ಮನಸ್ಸಿನಿಂದಲೇ ತಟ್ಟಿದೆವು. ಬಯಲನ್ನು ಇಪ್ಪತ್ತನಾಲ್ಕು ತುಂಡು ಮಾಡಿ, ಚೀಟಿ ಎತ್ತಿ, ವರ್ಷದ ಗೇಣಿಗೆ ಕೊಟ್ಟಿರಿ. ನನಗೆ ಎಂಟನೆಯ ನಂಬರು ಬಂತು. ಪಕ್ಕದ ಒಂಬತ್ತು ಹೊಳನಗದ್ದೆಯ ಲಕ್ಕಿಗೆ, ಅದರಾಚೆಯ ಹತ್ತು ಪೇಟೆಯ ದರ್ಜಿ ಲಿಂಗಪ್ಪನಿಗೆ. ಬಾಗಿಲಲ್ಲಿ ಒಂದು ಹಲಗೆ ನಿಂತಿತು, ಅದರ ಮೇಲೆ ಹನ್ನೆರಡು ನಿಯಮಗಳು. ಬಂದವರಲ್ಲಿ ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲವಾದ್ದರಿಂದ ತಾವು ನನ್ನನ್ನೇ ಕರೆದು ಗಟ್ಟಿಯಾಗಿ ಓದಿಸಿದಿರಿ. ನಾನು ಹೆಮ್ಮೆಯಿಂದ ಓದಿದೆ.

ಅವುಗಳಲ್ಲಿ ಮೂರನ್ನು ಇಲ್ಲಿ ಕಾಣಿಸಲೇಬೇಕು. ನಾಲ್ಕನೆಯದು: ಗೇಣಿದಾರನು ತನ್ನ ತುಂಡನ್ನು ಖುದ್ದಾಗಿ ಸಾಗುವಳಿ ಮಾಡತಕ್ಕದ್ದು, ಅನ್ಯರ ಕೈಯಿಂದ ಯಾವ ರೀತಿಯ ಸಾಗುವಳಿಯನ್ನೂ ಮಾಡಿಸಕೂಡದು. ಏಳನೆಯದು: ಹದಿನೈದು ದಿನ ಆರೈಕೆಯಿಲ್ಲದೆ ಬಿಟ್ಟ ತುಂಡಿನ ಹಕ್ಕು ರದ್ದಾಗುವುದು. ಹನ್ನೊಂದನೆಯದು: ಉಪ್ಪುನೀರು ತಡೆಯುವ ಒಡ್ಡಿಗೆ ಹಾನಿಯಾದಾಗ ಗೇಣಿದಾರರು ಕೂಡಲೇ ಕೂಡಿ ದುರಸ್ತಿ ಮಾಡತಕ್ಕದ್ದು. ಕೇಳುವುದಕ್ಕೆ ಎಲ್ಲವೂ ನ್ಯಾಯವಾಗಿಯೇ ಇವೆ. ನೆಲ ಹಿಡಿದು ಬೇರೆಯವರಿಗೆ ಮಾರಿಕೊಳ್ಳುವವರಿದ್ದಾರೆ, ಹಿಡಿದು ಸುಮ್ಮನೆ ಬಿಡುವವರಿದ್ದಾರೆ. ಅಂಥವರಿಗೆ ಲಗಾಮು ಬೇಕು, ಒಪ್ಪುತ್ತೇನೆ. ಆದರೆ ಲಗಾಮು ಯಾರ ಬಾಯಿಗೆ ಬಿತ್ತು?

ಲಕ್ಕಿಗೆ ನಲವತ್ತೈದರ ಆಸುಪಾಸು. ಅವಳ ಗಂಡ ಶುಕ್ರನಿಗೆ ಐದಾರು ವರ್ಷದಿಂದ ಕಣ್ಣು ಕಾಣುವುದಿಲ್ಲ. ಮನೆಯ ಗಂಜಿ ಅವಳ ತಲೆಯ ಮೇಲಿನ ಬುಟ್ಟಿಯಿಂದಲೇ ಬರಬೇಕು. ಮೊದಲು ಅವರಿವರ ಗದ್ದೆಯಲ್ಲಿ ಕೊಯ್ಲಾದ ಮೇಲೆ ಹರಿವೆ, ಮೂಲಂಗಿ ಬೆಳೆದು ಪೇಟೆಗೆ ತರುತ್ತಿದ್ದಳು. ತನ್ನದೆಂದು ಹೇಳುವ ನೆಲ ಅವಳಿಗೆ ಮೊದಲ ಸಲ ಸಿಕ್ಕಿದ್ದು ಈ ಒಂಬತ್ತನೆಯ ನಂಬರು. ಹಲಗೆಯ ಓದು ಮುಗಿದ ಮರುದಿನವೇ ಅವಳು ಮೂಲೆಯಲ್ಲಿ ಮರಳು ತೋಡಿ ನೀರಿನ ಹೊಂಡ ಮಾಡಿದಳು, ಮೆಟ್ಟಿಲು ಕಡಿದಳು, ಎರಡು ಕೈಗೆ ಎರಡು ಕೊಡ ಹಿಡಿದು ಇಳಿದು ಹತ್ತಿ ನೀರು ಹೊಯ್ಯತೊಡಗಿದಳು. ಹೊಯ್ಯುವಾಗ ಹಾಡಿಕೊಳ್ಳುತ್ತಿದ್ದಳು, ತನಗಷ್ಟೇ ಕೇಳುವ ಹಾಗೆ.

ನಾನೋ ಪೆನ್ನು ಬಿಟ್ಟು ಬೇರೆ ಹಿಡಿದವನಲ್ಲ. ಹಾಕಿದ ಬದನೆ ಸಸಿಗಳೆಲ್ಲ ಮೊದಲ ವಾರವೇ ಕೊಳೆತವು. ಅವಳು ಬದುವಿನಾಚೆ ನಿಂತು ನಾಲ್ಕು ದಿನ ನೋಡಿ, ಐದನೆಯ ದಿನ ತಡೆಯಲಾರದೆ, "ಭಟ್ರೇ, ನೀವು ನೀರು ಹಾಕೂದಲ್ಲ, ಮಣ್ಣು ತೊಳೀತ್ರಿ" ಎಂದಳು. ಆಮೇಲೆ ಬಂದು ಕೊಡ ಹೇಗೆ ಓರೆ ಮಾಡಬೇಕು, ನೀರು ಬೇರಿಗೆ ಹೇಗೆ ಬೀಳಬೇಕು ಎಂದು ತೋರಿಸಿದಳು. ತಾಯಿಯ ಕಾಲದಿಂದ ಉಳಿಸಿಕೊಂಡು ಬಂದ ನೀರುಳ್ಳಿಯ ಬೀಜ ಅವಳಲ್ಲಿತ್ತು. ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬಾರದ, ಸಿಹಿಯಾದ ಜಾತಿ. ಅದರಲ್ಲಿ ಒಂದು ಹಿಡಿ ನನಗೆ, ಒಂದು ಹಿಡಿ ಲಿಂಗಪ್ಪನಿಗೆ ಕೊಟ್ಟಳು. ತಾವು ಕಳೆದ ವರ್ಷ ಮೇಲಿನ ಸಾಹೇಬರನ್ನು ಕರೆತಂದು, ಇದು ನಮ್ಮ ಯೋಜನೆಯ ಯಶಸ್ಸು ಎಂದು ಕೈಯಲ್ಲಿ ಎತ್ತಿ ತೋರಿಸಿದ ನೀರುಳ್ಳಿ ಗೊಂಚಲು ಅವಳ ಬೀಜದ್ದು. ಸಾಹೇಬರ ಮೋಟಾರಿನಲ್ಲಿ ಎರಡು ಗೊಂಚಲು ಹೋದದ್ದನ್ನೂ ನಾನು ನೋಡಿದ್ದೇನೆ. ಆಗ ಯಾರೂ ಅದು ಯಾವ ಕೈಯ ಸಾಗುವಳಿ ಎಂದು ವಿಚಾರಿಸಲಿಲ್ಲ.

ಈಗ ಈ ವರ್ಷದ ಫೆಬ್ರವರಿಗೆ ಬರೋಣ. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಉಬ್ಬರದ ನೀರು ಏರಿ, ನಮ್ಮ ಮೂರು ತುಂಡುಗಳ ನೇರಕ್ಕೆ ಒಡ್ಡು ಒಂದು ಆಳಿನಷ್ಟು ಅಗಲಕ್ಕೆ ಬಿರುಕು ಬಿಟ್ಟಿತು. ಇಪ್ಪತ್ತನಾಲ್ಕು ಗೇಣಿದಾರರಲ್ಲಿ ಓಡಿ ಬಂದವರು ಏಳು ಜನ. ತಮ್ಮ ಕಚೇರಿಗೆ ಲಿಂಗಪ್ಪ ಓಡಿದ. ಸಾಹೇಬರು ಹೊನ್ನಾವರಕ್ಕೆ ಹೋಗಿದ್ದಾರೆ, ಅರ್ಜಿ ಕೊಟ್ಟು ಹೋಗಿ ಎಂದರಂತೆ. ಒಳಗೆ ನುಗ್ಗುವ ಉಪ್ಪುನೀರಿಗೆ ಅರ್ಜಿಯ ಕ್ರಮ ತಿಳಿಯದು. ನಾವು ದಂಡೆಯ ಮೇಲೆ ನಿಂತು ಏನು ಮಾಡುವುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಲಕ್ಕಿ ಸೀರೆ ಎತ್ತಿ ಕಟ್ಟಿ ಬಿರುಕಿನ ಹೊರಗಡೆ ಸೊಂಟದವರೆಗೆ ಇಳಿದಳು. ಕಲ್ಲು ಕೊಡಿ ಎಂದಳು, ಹುಲ್ಲು ಕೊಡಿ ಎಂದಳು, ಮಣ್ಣು ಕೊಡಿ ಎಂದಳು. ನಾವು ಕೊಟ್ಟೆವು. ಎರಡು ತಾಸಿನ ಮೇಲೆ ನೀರು ನಿಂತಿತು. ಅವಳು ಮೇಲೆ ಬಂದಾಗ ಎಡಗಾಲಿನ ಅಂಗಾಲು ಕಲ್ಲಿಗಂಟಿದ ಚಿಪ್ಪಿಗೆ ಸಿಕ್ಕಿ ಹಿಮ್ಮಡಿಯಿಂದ ಬೆರಳಿನವರೆಗೆ ಸೀಳಿಹೋಗಿತ್ತು. ಇಪ್ಪತ್ತನಾಲ್ಕು ತುಂಡುಗಳು ಉಳಿದವು. ಇದು ನಿಯಮ ಹನ್ನೊಂದರ ಪಾಲನೆ ಎಂಬುದನ್ನು ದಯಮಾಡಿ ಬರೆದಿಟ್ಟುಕೊಳ್ಳಿ, ತಮ್ಮ ಕಡತದಲ್ಲಿ ಅದೊಂದು ಸಂಗತಿ ಎಲ್ಲಿಯೂ ಇಲ್ಲ.

ಗಾಯ ಕೀವು ತುಂಬಿತು, ಜ್ವರ ಬಂತು. ದವಾಖಾನೆಯ ಡಾಕ್ಟರರು ತಿಂಗಳ ಮಟ್ಟಿಗೆ ಕಾಲು ನೆಲಕ್ಕೆ ತಾಗಿಸಕೂಡದೆಂದರು. ನೀರುಳ್ಳಿಗೆ ಆಗ ಗಡ್ಡೆ ಕಟ್ಟುವ ಹೊತ್ತು. ಮರಳು ನೆಲದಲ್ಲಿ ಎರಡು ದಿನ ನೀರು ತಪ್ಪಿದರೆ ಎಲೆಯ ತುದಿ ಹಳದಿಯಾಗುತ್ತದೆ. ಯಾರೂ ಸಭೆ ಸೇರಲಿಲ್ಲ, ಠರಾವು ಮಾಡಲಿಲ್ಲ. ಬೆಳಿಗ್ಗೆ ನಾನು ಹೊಯ್ದೆ, ಸಂಜೆ ಅಂಗಡಿ ಮುಚ್ಚಿ ಬಂದು ಲಿಂಗಪ್ಪ ಹೊಯ್ದ. ನನಗೆ ಕಚೇರಿಯ ತುರ್ತು ಇದ್ದ ದಿನ ನನ್ನ ಹೆಂಡತಿ ಮಾದೇವಿ ಹೊಯ್ದಳು. ಒಂದು ಎಲೆ ನಾವು ಕೊಯ್ಯಲಿಲ್ಲ. ಹದಿನೆಂಟನೆಯ ದಿನ ಬೆಳಿಗ್ಗೆ ತಾವು ತಪಾಸಣೆಗೆ ಬಂದಿರಿ. ನಾನು ಎರಡು ಕೈಯಲ್ಲಿ ಕೊಡ ಹಿಡಿದು ನಂಬರ್ ಒಂಬತ್ತರಲ್ಲಿ ನಿಂತಿದ್ದೆ. ಇದು ನಿಮ್ಮ ತುಂಡೇ ಎಂದು ಕೇಳಿದಿರಿ. ಅಲ್ಲ, ಲಕ್ಕಿಯದು, ಅವಳಿಗೆ ಹುಷಾರಿಲ್ಲ ಎಂದೆ. ಆತು ಎಂದು ತಲೆಯಾಡಿಸಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದಿರಿ. ನೋಡಿ, ನಮ್ಮ ಅಧಿಕಾರಿಗಳು ಒಳ್ಳೆಯವರು ಎಂದು ನಾನು ಅಂದು ಮನೆಯಲ್ಲಿ ಹೇಳಿದೆ.

ಮೂರು ದಿನಕ್ಕೆ ನೋಟೀಸು ಬಂತು. ನಿಯಮ ನಾಲ್ಕು ಮತ್ತು ಏಳನ್ನು ಉಲ್ಲಂಘಿಸಿದ್ದಕ್ಕೆ ನಂಬರ್ ಒಂಬತ್ತರ ಹಕ್ಕನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಸಮಜಾಯಿಷಿ ಕೊಡಬೇಕು. ಶುಕ್ರ ಆ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೆರೆಯವರೊಬ್ಬರ ಕೈ ಹಿಡಿದು ನನ್ನ ಜಗಲಿಗೆ ಬಂದ. ನಾನು ಓದಿ ಹೇಳಿದೆ, ಹೆದರಬೇಡ ಎಂದೆ, ಆ ಸಂಜೆಯೇ ಉತ್ತರ ಬರೆಯಲು ಕುಳಿತೆ. ನನ್ನ ಜೀವಮಾನದ ಅತ್ಯುತ್ತಮ ಅರ್ಜಿ ಅದು. ಒಡ್ಡು ಒಡೆದದ್ದು, ಅವಳು ಇಳಿದದ್ದು, ಕಾಲು ಸೀಳಿದ್ದು, ತಪಾಸಣೆಯವರೆಗಿನ ಹದಿನೆಂಟು ದಿನ ನಾವು ಮೂವರು ತಪ್ಪದೆ ನೀರು ಹೊಯ್ದದ್ದು, ದಿನಾಂಕ ಸಹಿತ ಎಲ್ಲವನ್ನೂ ಬರೆದೆ. ಮಾದೇವಿ ದೀಪ ಇಟ್ಟು ಪಕ್ಕದಲ್ಲಿ ನಿಂತು ಕೇಳಿದವಳು ಒಂದೇ ಮಾತು ಹೇಳಿದಳು: "ಇದ್ದಿದ್ದು ಇದ್ದಾಂಗೆ ಬರದ್ರೆ ಅದ್ನೇ ಹಿಡ್ಕತ್ತ ನೋಡಿ. ಅವ್ಕೆ ಬೇಕಾದ್ದು ನಮ್ಮ ಬಾಯಿಂದ್ಲೇ ಬಂದಾಂಗೆ ಆಗ್ತು." ಸರಕಾರದ ಕಾಗದದ ವಿಷಯ ನಿನಗೆ ತಿಳಿಯದು ಎಂದು ನಾನು ನಕ್ಕೆ. ಲಕ್ಕಿ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ಸಾಕ್ಷಿಯಾಗಿ ನಾನೂ ಲಿಂಗಪ್ಪನೂ ಸಹಿ ಮಾಡಿದೆವು.

ವಿಚಾರಣೆಯ ದಿನ ಲಕ್ಕಿ ಕೋಲೂರಿಕೊಂಡು ಬಂದಳು. ತಮ್ಮ ಮೇಜಿನ ಮುಂದೆ ಕುರ್ಚಿ ಖಾಲಿ ಇತ್ತು, ಕುಳಿತುಕೋ ಎಂದು ತಾವು ಹೇಳಲಿಲ್ಲ, ಅವಳು ಒಂದೇ ಕಾಲಿನ ಮೇಲೆ ಮುಕ್ಕಾಲು ತಾಸು ನಿಂತಳು. ತಾವು ನನ್ನ ಬರಹವನ್ನು ಗಟ್ಟಿಯಾಗಿ ಓದಿದಿರಿ. ಹದಿನೆಂಟು ದಿನ ಅನ್ಯರು ನೀರು ಹಾಕಿದ್ದಾರೆಂದು ಗೇಣಿದಾರಳೇ ಒಪ್ಪಿದ್ದಾಳೆ, ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಹೇಳಿದಿರಿ. ನಾನು ಎದ್ದು, ನೀರು ಹಾಕದೆ ಬಿಟ್ಟಿದ್ದರೆ ಏಳನೆಯ ನಿಯಮ ಮುರಿದ ಹಾಗಾಗುತ್ತಿತ್ತಲ್ಲವೇ ಎಂದೆ. ಹೌದು, ಮುರಿದ ಹಾಗಾಗುತ್ತಿತ್ತು, ಅವಳು ಖುದ್ದಾಗಿ ಬಾರದ್ದರಿಂದ ಅದೂ ಮುರಿದಿದೆ ಎಂದಿರಿ. ಹಾಗಾದರೆ ಕಾಲು ಸೀಳಿದವಳು ಏನು ಮಾಡಬೇಕಿತ್ತು ಎಂದು ಕೇಳಿದೆ. ಅದು ನಿಯಮದಲ್ಲಿ ಬರುವುದಿಲ್ಲ ಎಂದಿರಿ. ಆ ಉತ್ತರವನ್ನು ನಾನು ಎಂಟು ತಿಂಗಳಿಂದ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದೇನೆ. ಒಡ್ಡು ಕಟ್ಟುವುದು ನಿಯಮದಲ್ಲಿ ಬರುತ್ತದೆ, ಕಟ್ಟಿದವಳ ಕಾಲು ಬರುವುದಿಲ್ಲ.

ಕೊನೆಗೆ, ನಿನಗೇನಾದರೂ ಹೇಳುವುದಿದೆಯೇ ಎಂದು ಅವಳನ್ನು ಕೇಳಿದಿರಿ.

"ಗಿಡಕ್ಕೆ ನೀರು ಬೇಕು ಒಡೆಯಾ" ಎಂದಳು ಲಕ್ಕಿ. "ಅದು ಯಾರ ಕೈಯದು ಅಂತ ಗಿಡ ಕೇಳೂದಿಲ್ಲ. ನೀವು ಎಂತಕ್ಕೆ ಕೇಳ್ತ್ರಿ?"

ತೀರ್ಪು ಕಾದಿರಿಸಲಾಗಿದೆ ಎಂದಿರಿ. ಮತ್ತು ತೀರ್ಪು ಬರುವವರೆಗೆ ನಂಬರ್ ಒಂಬತ್ತರಲ್ಲಿ ಯಾರೂ ಕಾಲಿಡಕೂಡದು, ನೀರು ಹಾಕಕೂಡದು, ಗೇಣಿದಾರಳೂ ಕೂಡ, ಎಂಬ ಆಜ್ಞೆಯನ್ನು ಅಲ್ಲಿಯೇ ಬರೆಸಿದಿರಿ.

ತಮ್ಮ ಕಚೇರಿಯ ಜವಾನ ತಿಮ್ಮಪ್ಪ ಅದೇ ದಿನ ಬಂದು ನಾಲ್ಕು ಗೂಟ ಹೊಡೆದು, ಹೊಂಡದ ಮೂಲೆಯೊಂದನ್ನು ಬಿಟ್ಟು, ಪಾತಿಗಳ ಸುತ್ತಲೂ ಹಗ್ಗ ಕಟ್ಟಿದ. ಕೈಗೆ ಸಿಗುವಷ್ಟು ದೂರದಲ್ಲಿ ಹೊಂಡ, ಹೊಂಡದ ತುಂಬ ಸಿಹಿನೀರು. ಮೊದಲ ವಾರ ಎಲೆಗಳು ಬಾಗಿದವು, ಎರಡನೆಯ ವಾರ ನೆಲಕ್ಕೆ ಮಲಗಿದವು. ಬೀಜಕ್ಕೆಂದು ಬಿಟ್ಟ ಎರಡು ಪಾತಿಗಳಲ್ಲಿ ಹೂವಿನ ತಲೆಗಳು ಅರಳುವ ಮೊದಲೇ ಕಂದಿದವು. ಲಕ್ಕಿ ದಿನಾ ಬೆಳಿಗ್ಗೆ ಬಂದು ಹಗ್ಗದ ಹೊರಗೆ, ಒಡ್ಡಿನ ಮೇಲೆ, ಕಾಲು ಚಾಚಿ ಕುಳಿತುಕೊಳ್ಳುತ್ತಿದ್ದಳು. ಹಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನಾನು ನನ್ನ ತುಂಡಿಗೆ ನೀರು ಹೊಯ್ಯುವಾಗ ಅವಳ ಕಡೆ ಬೆನ್ನು ಮಾಡಿ ಹೊಯ್ಯುತ್ತಿದ್ದೆ. ರಾಜೀನಾಮೆ ಕೊಡುವಷ್ಟು ದೊಡ್ಡ ಹುದ್ದೆಯಲ್ಲಿ ಇರುವವನಲ್ಲ ನಾನು, ಆದರೆ ಹಗ್ಗ ದಾಟಿ ಒಂದು ಕೊಡ ಸುರಿಯುವುದಕ್ಕೆ ಹುದ್ದೆ ಬೇಕಿರಲಿಲ್ಲ. ನಾನು ಸುರಿಯಲಿಲ್ಲ. ಕಾನೂನು ಬಲ್ಲವನು ನೋಡಿ. ಇನ್ನೊಂದು ತಪ್ಪು ಅವಳ ಲೆಕ್ಕಕ್ಕೇ ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ದಾಟಿದವನು ಒಬ್ಬನೇ. ಒಂದು ದಿನ ಲಕ್ಕಿ ಪಟ್ಟಿ ಬದಲಿಸಲು ದವಾಖಾನೆಗೆ ಹೋಗಿದ್ದಾಗ ಶುಕ್ರ ಒಬ್ಬನೇ ದಾರಿ ತಡವಿಕೊಂಡು ಹೊಳನಗದ್ದೆಯಿಂದ ಬಂದ. ಹೊಂಡದ ಮೆಟ್ಟಿಲು ಅವನ ಕಾಲಿಗೆ ಗೊತ್ತಿತ್ತು. ಕೊಡ ತುಂಬಿ ಹತ್ತಿ ಪಾತಿಯ ಕಡೆ ನಡೆದವನ ಎದೆಗೆ ಹಗ್ಗ ತಾಗಿತು. ನಿಂತು ಅದನ್ನು ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದ. ಹಸು ನುಗ್ಗದ ಹಾಗೆ ಕಟ್ಟಿದ್ದಾರೆಂದುಕೊಂಡನೋ ಏನೋ, ಬಗ್ಗಿ ಕೆಳಗಿನಿಂದ ನುಸುಳಿ ಒಂದು ಪಾತಿಗೆ ಕೊಡ ಬಗ್ಗಿಸಿದ. ಕಾವಲಿಗಿದ್ದ ತಿಮ್ಮಪ್ಪ ಹೋಗಿ ಅವನ ಕೈಯಿಂದ ಕೊಡ ತೆಗೆದುಕೊಂಡ. "ನೀರು ಹಾಕೂಕಿಲ್ಲ ಶುಕ್ರಾ. ಸಾಹೇಬ್ರ ಹುಕುಂ ಅದೆ" ಎಂದ. ಶುಕ್ರ ಕೆಳಗೆ ಕುಳಿತು ನೀರುಳ್ಳಿಯ ಎಲೆಗಳನ್ನು ಮುಟ್ಟಿದ. ಅವು ಕೈಯಲ್ಲಿ ಪುಡಿಯಾದವು. ಕಣ್ಣಿದ್ದ ನಮ್ಮಿಂದ ಕೇಳಿ ತಿಳಿದದ್ದಕ್ಕಿಂತ ಹೆಚ್ಚು ಅವನಿಗೆ ಆಗ ತಿಳಿಯಿತು. ತಿಮ್ಮಪ್ಪನೇ ಅವನ ಕೈ ಹಿಡಿದು ರಸ್ತೆಯವರೆಗೆ ಬಿಟ್ಟು ಬಂದ. ಇದಕ್ಕಾಗಿ ತಿಮ್ಮಪ್ಪನಿಗೆ ಮೆಮೋ ಕೊಡಬೇಡಿ. ತಮ್ಮ ಕಚೇರಿಯಿಂದ ಆ ತೋಟಕ್ಕೆ ಬಂದವರಲ್ಲಿ ಮನುಷ್ಯರ ಕೈ ಹಿಡಿದವನು ಅವನೊಬ್ಬನೇ.

ಇಪ್ಪತ್ತೆರಡನೆಯ ದಿನ ತೀರ್ಪು ಬಂತು. ಹಕ್ಕು ರದ್ದು. ನಿಂತ ಬೆಳೆ ಸರಕಾರಕ್ಕೆ ಜಪ್ತಿ. ಜಪ್ತಿ ಮಾಡುವುದಕ್ಕೆ ಅಲ್ಲಿ ಏನಿತ್ತು ಎಂದು ಆಜ್ಞೆ ಬರೆದವರು ನೋಡಿ ಬಂದಿದ್ದರೆ ಕಾಗದವಾದರೂ ಉಳಿಯುತ್ತಿತ್ತು. ಏಪ್ರಿಲ್ ಕೊನೆಗೆ ಆ ತುಂಡು ಪೇಟೆಯ ಒಬ್ಬ ಗೃಹಸ್ಥರ ಹೆಸರಿಗೆ ಹೋಯಿತು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ, ಅವರನ್ನು ಆ ತುಂಡಿನಲ್ಲಿ ನಾವು ಯಾರೂ ಈವರೆಗೆ ನೋಡಿಲ್ಲ. ಮೇ ಹೋಯಿತು, ಮಳೆಗಾಲ ಹೋಯಿತು, ದೀಪಾವಳಿಯೂ ಹೋಯಿತು. ಲಕ್ಕಿಯ ಹೊಂಡ ಹೂಳು ತುಂಬಿದೆ, ಪಾತಿಗಳ ಮೇಲೆ ಮುಳ್ಳುಗಿಡ ಎದೆಯೆತ್ತರ ಬೆಳೆದಿದೆ, ಅದರ ಬೀಜ ನನ್ನ ತುಂಡಿಗೂ ಲಿಂಗಪ್ಪನ ತುಂಡಿಗೂ ಹಾರಿ ಬೀಳುತ್ತಿದೆ. ಹದಿನೈದು ದಿನ ಎಂದು ಹಲಗೆಯಲ್ಲಿ ಇನ್ನೂ ಬರೆದೇ ಇದೆ. ಏಳು ತಿಂಗಳಾದರೂ ಆ ಗೃಹಸ್ಥರಿಗೆ ನೋಟೀಸು ಹೋಗಿಲ್ಲವೇಕೆ? ಮುಳ್ಳುಗಿಡವನ್ನು ಅವರು ಖುದ್ದಾಗಿ ಸಾಗುವಳಿ ಮಾಡುತ್ತಿದ್ದಾರೆಂದು ತಮ್ಮ ತಪಾಸಣೆಯಲ್ಲಿ ಕಂಡುಬಂದಿದೆಯೇ?

ಜವಾಬ್ದಾರಿ ಎಂಬ ಶಬ್ದವನ್ನು ತಾವು ಆ ದಿನದ ಭಾಷಣದಲ್ಲಿ ಬಹಳ ಸಲ ಹೇಳಿದಿರಿ. ಕೂಡಿ ನೆಲ ಹಿಡಿದವರಲ್ಲಿ ಒಬ್ಬರು ಬಿದ್ದಾಗ ಪಕ್ಕದವರು ಕೊಡ ಎತ್ತಿಕೊಳ್ಳುವುದೇ ಜವಾಬ್ದಾರಿ ಎಂದು ನಾವು ತಿಳಿದಿದ್ದೆವು. ಅದಿಲ್ಲದಿದ್ದರೆ ಸಾಮೂಹಿಕ ಎಂದು ಹಲಗೆಯ ಮೇಲೆ ಯಾಕೆ ಬರೆಸಬೇಕಿತ್ತು? ಇಪ್ಪತ್ತನಾಲ್ಕು ಮಂದಿ ಪ್ರತ್ಯೇಕವಾಗಿ ಸಾಯುವುದಕ್ಕೆ ಒಂದು ಒಡ್ಡು ಯಾಕೆ ಬೇಕು? ಮತ್ತೊಬ್ಬರಿಗೆ ನೆಲ ಮಾರಿಕೊಂಡವನಿಗೂ, ಮತ್ತೊಬ್ಬರ ಗಿಡಕ್ಕೆ ಕೂಲಿ ಬೇಡದೆ ನೀರು ಹೊಯ್ದವನಿಗೂ ವ್ಯತ್ಯಾಸ ಕಾಣದ ನಿಯಮವನ್ನು ಬರೆದವರು ತಾವೋ, ತಮಗಿಂತ ಮೇಲಿನವರೋ ನನಗೆ ತಿಳಿಯದು. ಆದರೆ ಓದಿ ಅರ್ಥ ಮಾಡುವ ಕೆಲಸಕ್ಕೆ ಸರಕಾರ ತಮ್ಮನ್ನು ಕೂರಿಸಿದೆ. ಬರೇ ಓದುವುದಾದರೆ ಆವತ್ತು ಓದಿದ ನಾನೇ ಸಾಕಾಗಿದ್ದೆ.

ಲಕ್ಕಿ ಈಗ ಎಲ್ಲಿದ್ದಾಳೆ ಎಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಲು ವಾಸಿಯಾಯಿತು, ಹಿಮ್ಮಡಿ ಮಾತ್ರ ಪೂರ್ತಿ ಊರುವುದಿಲ್ಲ. ಇಳಿತದ ಹೊತ್ತಿಗೆ ಅಘನಾಶಿನಿ ಹೊಳೆಗೆ ಹೋಗಿ, ಮೊಳಕಾಲುದ್ದ ಕೆಸರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾಳೆ, ಅದೇ ಚಿಪ್ಪುಗಳ ನಡುವೆ. ನಾನು ಗಣೇಶ ಚೌತಿಯ ಮುಂಚೆ, ಅವಳು ಕೊಟ್ಟ ಬೀಜದಿಂದ ನನ್ನ ತುಂಡಿನಲ್ಲಿ ಬೆಳೆದು ಉಳಿಸಿದ ಒಂದು ಪೊಟ್ಟಣ ಬೀಜ ತೆಗೆದುಕೊಂಡು ಹೊಳನಗದ್ದೆಗೆ ಹೋದೆ. ನನ್ನ ಬರಹದಿಂದ ಹೀಗಾಯಿತು ಎಂದು ಹೇಳುವುದಕ್ಕೆ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವಳು ಕೇಳಿ, ನೀವು ಸುಳ್ಳು ಬರೀಲಿಲ್ಲವಲ್ಲ ಎಂದಷ್ಟೇ ಹೇಳಿದಳು. ಕೂರಲು ಮಣೆ ಕೊಟ್ಟಳು, ನೀರು ಬೆಲ್ಲ ಕೊಟ್ಟಳು. ಪೊಟ್ಟಣ ಬಿಚ್ಚಿ ಎರಡು ಕಾಳು ಅಂಗೈಯಲ್ಲಿಟ್ಟು ನೋಡಿ, ಮತ್ತೆ ಮಡಚಿ ನನ್ನ ಕೈಗೇ ಇಟ್ಟಳು.

"ಬೀಜ ಇಟ್ಕಂಡು ಎಂತ ಮಾಡ್ಲಿ ಭಟ್ರೇ? ಬಿತ್ತೂಕೆ ಮಣ್ಣು ಬೇಕಲ."

ಆ ಬೀಜ ಇನ್ನೊಂದು ಮಳೆಗಾಲ ದಾಟಿದರೆ ಮೊಳೆಯುವುದಿಲ್ಲ. ಈ ತಿಂಗಳೊಳಗೆ ಸಸಿಮಡಿ ಆಗಬೇಕು. ಹಾಗಾಗಿ ನಾನು ಕೇಳುವುದು ದಯೆಯಲ್ಲ, ವಿನಂತಿಯೂ ಅಲ್ಲ. ನಂಬರ್ ಒಂಬತ್ತನ್ನು ಲಕ್ಕಿಯ ಹೆಸರಿಗೆ ಮರಳಿಸಿ, ಹದಿನೈದು ದಿನದೊಳಗೆ; ಆ ವಾಯಿದೆ ತಮ್ಮದೇ. ಕಾಯಿಲೆ ಬಿದ್ದವರ ಗಿಡಕ್ಕೆ ನೆರೆಯವರು ನೀರು ಹಾಕಬಹುದೆಂದು ಹಲಗೆಯ ಮೇಲೆ ಒಂದು ಸಾಲು ಬರೆಸಿ. ಅವಳ ಬೆಳೆ ಒಣಗಿದ್ದು ತಮ್ಮ ಆಜ್ಞೆಯಿಂದ ಎಂದು ಕಡತದಲ್ಲಿ ತಮ್ಮ ಕೈಯಾರೆ ಬರೆಯಿರಿ.

ಇದು ಸಾಧ್ಯವಿಲ್ಲವಾದರೆ ಇನ್ನೊಂದು ದಾರಿಯನ್ನು ನಾವೇ ಸುಲಭ ಮಾಡಿಕೊಟ್ಟಿದ್ದೇವೆ. ಈ ಪತ್ರದ ಜೊತೆಗೆ ಒಂದು ಹಾಳೆ ಇದೆ. ಅದರಲ್ಲಿ ತೋಟದ ಹತ್ತೊಂಬತ್ತು ಗೇಣಿದಾರರ ಸಹಿ ಮತ್ತು ಹೆಬ್ಬೆಟ್ಟುಗಳಿವೆ. ಬಾಣಂತನ, ಜ್ವರ, ಸೂತಕ, ಮಗಳ ಮದುವೆ, ಯಾವ ಯಾವ ಕಾರಣಕ್ಕೆ ಯಾರ ತುಂಡಿಗೆ ಯಾರು ನೀರು ಹೊಯ್ದರೆಂದು ಪ್ರತಿಯೊಬ್ಬರೂ ಒಪ್ಪಿಕೊಂಡಿದ್ದಾರೆ. ಹತ್ತೊಂಬತ್ತು ಜನರೂ ನಾಲ್ಕನೆಯ ನಿಯಮ ಮುರಿದಿದ್ದೇವೆ, ಮುಂದೆಯೂ ಮುರಿಯುತ್ತೇವೆ. ಹತ್ತೊಂಬತ್ತು ನೋಟೀಸು ಬರೆಸಿ, ಹತ್ತೊಂಬತ್ತು ತುಂಡಿಗೂ ಹಗ್ಗ ಕಟ್ಟಿಸಿ. ಮುಂದಿನ ಹುಣ್ಣಿಮೆಗೆ ಒಡ್ಡು ಬಿರಿದರೆ ತಾವೇ ಖುದ್ದಾಗಿ ಇಳಿಯಿರಿ.

ಇಂತಿ,
ನಂಬರ್ ಒಂಬತ್ತಕ್ಕೆ ಹದಿನೆಂಟು ದಿನ ನೀರು ಹೊಯ್ದ, ಇಪ್ಪತ್ತೆರಡು ದಿನ ಹೊಯ್ಯದೆ ನಿಂತ ಎರಡೂ ತಪ್ಪುಗಳ ಹೊಣೆಗಾರ,
ಮಹಾಗಣಪತಿ ಭಟ್ಟ
ಕುಮಟಾ, ನವೆಂಬರ್ ೧೯೬೬